ಮಿಲಿಟರಿ ರಟ್ಟು, ಅಳತೆ ರವಿಕೆ

ನನಗೆ ಕೋಪ ಜಾಸ್ತಿ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ ಬೇಜಾರು ಮಾಡ್ಕೋಬಾರದು. ಗುಂಡ್ಲುಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ರವಿಕೆ ಹೊಲೀತಿದ್ದೀನಿ. ಬೆಳಿಗ್ಗೆ ಬಟ್ಟೆ ತಂದು "ಅಕ್ಕ, ಸಂಜೆಗೇ ಬೇಕು" ಅನ್ನೋ ಹೆಣ್ಣುಮಕ್ಕಳಿಗೆ ನಾನು ಬೈದಿರೋದನ್ನೆಲ್ಲ ಬರೆದಿಟ್ಟಿದ್ರೆ ಇಷ್ಟು ದಪ್ಪ ಪುಸ್ತಕ ಆಗ್ತಿತ್ತು. ಆದರೂ ಅವರು ನನ್ನ ಹತ್ತಿರಾನೇ ಬರ್ತಾರೆ. ಯಾಕಂದ್ರೆ ನನ್ನ ಕೈಯಲ್ಲಿ ಫಿಟ್ಟಿಂಗ್ ಇದೆ. ನಾನು ಹೊಲಿದ ರವಿಕೆ ಮೈಗೆ ಕೂತ್ಕೊಂಡ್ರೆ ಹುಡುಕಿದರೂ ಒಂದು ಸುಕ್ಕು ಸಿಗಲ್ಲ. ಆ ಜಂಬ ನನಗೆ ಚೆನ್ನಾಗೇ ಇತ್ತು. ಈಗಲೂ ಇದೆ, ಒಂಚೂರು ಕಮ್ಮಿ. ಕಮ್ಮಿ ಮಾಡಿದ್ದು ಒಂದು ಕೋಟು.

ಆ ಕೋಟಿನ ಕಥೆ ಹೇಳೋಕೆ ಮುಂಚೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಇಲ್ಲಿ ರವಿಕೆ ಹೊಲಿಸೋರು ಮೈ ಅಳತೆ ಕೊಡಲ್ಲ. ಹಳೇ ರವಿಕೆ ಒಂದನ್ನ ಹೊಸ ಬಟ್ಟೆ ಜೊತೆ ಸುತ್ತಿ ಕೊಡ್ತಾರೆ. ಅದಕ್ಕೆ ಅಳತೆ ರವಿಕೆ ಅಂತೀವಿ. ಅದನ್ನ ಮೇಜಿನ ಮೇಲೆ ಮಲಗಿಸಿ, ಎದೆ ಇಷ್ಟು, ತೋಳು ಇಷ್ಟು ಅಂತ ಗುರುತು ಮಾಡ್ಕೊಂಡು ಕತ್ತರಿ ಹಾಕೋದು. ಹತ್ತು ವರ್ಷದಿಂದ ನನ್ನ ಹತ್ತಿರ ಬರೋ ಹೆಂಗಸರಿದ್ದಾರೆ, ಒಬ್ಬರ ಹೆಗಲ ಮೇಲೂ ನಾನು ಟೇಪ್ ಇಟ್ಟಿಲ್ಲ. ಒಬ್ಬಾಕೆ ಅಂತೂ ಮದುವೆಯಲ್ಲಿ ಹಾಕ್ಕೊಂಡಿದ್ದ ರವಿಕೆಯನ್ನೇ ಎರಡು ಮಕ್ಕಳಾದ ಮೇಲೂ ಅಳತೆಗೆ ಕೊಟ್ಟು, ಆಮೇಲೆ "ಯಾಕಕ್ಕ ಇಷ್ಟು ಬಿಗಿ ಹೊಲಿದಿದ್ದೀಯ" ಅಂತ ಜಗಳಕ್ಕೆ ಬಂದಿದ್ದಳು. "ನಿನ್ನ ಮದುವೆ ದಿನಾನೇ ವಾಪಸ್ ತಂದ್ಕೊಡು, ಸರಿಯಾಗ್ತದೆ" ಅಂದಿದ್ದೆ. ಬೇರೆಯವರ ತಪ್ಪು ನನಗೆ ಬಲು ಬೇಗ ಕಾಣ್ತದೆ.

ನನಗೆ ಇರೋದು ಒಬ್ಬಳೇ ಮಗಳು. ಅವಳು ಕಾಡು ಕಾಯೋ ಕೆಲಸಕ್ಕೆ ಸೇರಿದಳು. ಗಾರ್ಡ್ ಕೆಲಸ. ಓಟ, ಉದ್ದಜಿಗಿತ, ಪರೀಕ್ಷೆ, ಎಲ್ಲ ಪಾಸಾದ ಮೇಲೆ, ಚಾಮರಾಜನಗರ ದಾಟಿ ಪುಣಜನೂರಿನ ಆಚೆ ಕಾಡೊಳಗಿನ ಕ್ಯಾಂಪಿಗೆ ಹಾಕಿದರು. "ಹೆಣ್ಣುಮಗು ಹುಲಿ ಕಾಯ್ತದಾ, ನಾನು ಮಿಷನ್ ಕಲಿಸ್ತೀನಿ, ಅಂಗಡಿ ನೋಡ್ಕೊ" ಅಂತ ನಾನು ಕುಣಿದಾಡಿದೆ. ನಮ್ಮ ಯಜಮಾನರು ತೆರಕಣಾಂಬಿ ಮಾರ್ಕೆಟ್ಟಿಂದ ಕೇರಳಕ್ಕೆ ಗಾಡಿಯಲ್ಲಿ ತರಕಾರಿ ಹೊಡೀತಾರೆ. ಮಾತು ಕಮ್ಮಿ, ಆಡಿದರೆ ಸರಿಯಾಗಿ ಚುಚ್ಚುತ್ತಾರೆ. "ನೀನು ಚಾಮರಾಜನಗರಕ್ಕೆ ಟೇಲರಿಂಗ್ ಕಲಿಯಕ್ಕೆ ಓಯ್ತೀನಿ ಅಂದಾಗ ನಿಮ್ಮಪ್ಪನೂ ಹಿಂಗೇ ಕುಣಿದಿದ್ನಂತೆ ಕಣಮ್ಮಿ" ಅಂದರು. ಮಗಳು ಹೋದಳು.

ಒಂದೂವರೆ ವರ್ಷ ಆಗಿರಬೇಕು. ಮುಂಗಾರು ಹಿಡಿದಿತ್ತು. ನಾಲ್ಕು ದಿನದ ರಜೆ ಅಂತ ಮಗಳು ಬಂದಳು. ಮುಖ ಬಾಡಿತ್ತು, ಕೆಮ್ಮು ಬೇರೆ. ಮೈ ಮೇಲೆ ಒಂದು ಜರ್ಕಿನ್ ಇತ್ತು, ಊಟಿ ರಸ್ತೆಯ ಅಂಗಡಿಯಲ್ಲಿ ಅವಳೇ ತಗೊಂಡಿದ್ದು. ಗಂಡಸರದ್ದು, ಹೆಂಗಸರ ಅಳತೆಯದು ಸಿಗಲಿಲ್ಲವಂತೆ. ತೋಳು ಬೆರಳು ದಾಟಿ ನೇತಾಡ್ತಿತ್ತು, ನಾಲ್ಕು ಮಡಿಕೆ ಮಡಚಿದ್ದಳು. ಸೊಂಟದ ಹತ್ತಿರ ಇಬ್ಬರು ಹೋಗೋಷ್ಟು ಜಾಗ. ಬಟ್ಟೆ ತುಂಬ ಲಂಟಾನ ಪೊದೆಯ ಮುಳ್ಳು ಕಿತ್ತ ಗೀರು.

"ಇದ್ಯಾವ ಅವತಾರನೇ?" ಅಂದೆ.

ಕಾಫಿ ಕುಡೀತಾ ಹೇಳಿದಳು. ಬೆಳಗಿನ ಗಸ್ತಿನಲ್ಲಿ ಪೊದೆ ಬಳಸಿ ತಿರುಗಿದ ತಕ್ಷಣ ಎದುರಿಗೆ ಆನೆ. ಎಲ್ಲರೂ ಸದ್ದಿಲ್ಲದೆ ಹಿಂದಕ್ಕೆ ಸರಿದರು. ಇವಳ ತೋಳಿನ ಮಡಿಕೆ ಲಂಟಾನಕ್ಕೆ ಸಿಕ್ಕಿಕೊಂಡು ಮುಗ್ಗರಿಸಿ ಬಿದ್ದಳು. ಪುಣ್ಯಕ್ಕೆ ಆನೆ ತಿರುಗಿ ನೋಡದೆ ತನ್ನ ದಾರಿ ಹಿಡೀತು. ಆಮೇಲೆ ಜೊತೆಯವರು ನಕ್ಕರಂತೆ.

"ಆನೆ ನೋಡಿ ಎದರ್ನಿಲ್ಲ ಕಣವ್ವ" ಅಂದಳು. "ಬಟ್ಟೆ ತೊಡರಿ ಬಿದ್ನಲ್ಲ, ಅದ್ಕೆ ನಾಚ್ಕೆ ಆಯ್ತು. ಇನ್ನೊಂದ್ಸಲ ಬಿದ್ರೆ ನನ್ನ ಎತ್ತಕ್ಕೆ ಬಂದವರ್ಗೂ ಅಪಾಯ ಅಲ್ವಾ."

ಅವತ್ತೇ ಒಗೆಯೋಕೆ ಅಂತ ಅವಳ ಬ್ಯಾಗಿನಿಂದ ಬಟ್ಟೆ ತೆಗೆದೆ. ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಹಾಳೆ. ಓದಬಾರದಿತ್ತು, ಓದಿದೆ. "ಈ ಕರ್ತವ್ಯವನ್ನು ನಿರ್ವಹಿಸಲು ನನ್ನಿಂದ ಸಾಧ್ಯವಾಗುತ್ತಿಲ್ಲವಾದ್ದರಿಂದ ನನ್ನ ರಾಜೀನಾಮೆಯನ್ನು ಅಂಗೀಕರಿಸಬೇಕೆಂದು ವಿನಂತಿ." ಕೆಳಗೆ ಸಹಿ. ತಾರೀಖು ಮಾತ್ರ ಹಾಕಿರಲಿಲ್ಲ.

ನನಗೆ ಖುಷಿ ಆಯ್ತು. ಸುಳ್ಳು ಯಾಕೆ ಹೇಳಲಿ? ಮಾದಪ್ಪ, ನನ್ನ ಮೊರೆ ಕೇಳಿಸ್ಕೊಂಡೆಯಪ್ಪ ಅಂತ ಕೈ ಮುಗಿದು, ಹಾಳೆಯನ್ನ ಇದ್ದ ಹಾಗೇ ಮಡಚಿ ಇಟ್ಟೆ. ಯಾರಿಗೂ ಹೇಳಲಿಲ್ಲ. ನನ್ನ ಬಾಯಲ್ಲಿ ಮಾತು ನಿಂತಿದ್ದು ಅದೇ ಮೊದಲು.

ಮಾರನೇ ದಿನ ಮಗಳು ಅಂಗಡಿಗೆ ಬಂದು ಮೂಲೆಯಲ್ಲಿ ಕೂತು ಹುಕ್ ಹಾಕೋಕೆ ಶುರು ಮಾಡಿದಳು. ನಾನು ಬಯಸಿದ್ದು ಅದೇ ತಾನೆ? ಆದರೆ ಅವಳು ಹುಟ್ಟಿದಾಗಿನಿಂದ ಒಂದು ಗಳಿಗೆ ಸುಮ್ಮನೆ ಕೂತವಳಲ್ಲ. ಮಾತಿಗೆ ಮಾತು ಕೊಡೋದರಲ್ಲಿ ನನ್ನನ್ನೂ ಮೀರಿಸಿದವಳು. ಅವತ್ತು ತಲೆ ತಗ್ಗಿಸಿ ಒಂದಾದ ಮೇಲೆ ಒಂದು ಹುಕ್ ಹಾಕ್ತಿದ್ದಳು, ಅಷ್ಟೇ. ಗಿರಾಕಿ ಒಬ್ಬಳು ಬಂದು, "ಸದ್ಯ, ಮನೆ ಸೇರ್ಕೊಂಡ್ಳಲ್ಲ. ಕಾಡು ಮೇಡು ಅಲೆದದ್ದು ಸಾಕು, ಇನ್ನು ಒಂದು ಗಂಡು ನೋಡು" ಅಂದಳು. ಬೇರೆ ದಿನವಾಗಿದ್ರೆ ನನ್ನ ಮಗಳು ಅವಳನ್ನ ಮೆಟ್ಟಿಲು ಇಳಿಸಿ ಬರ್ತಿದ್ದಳು. ಅವತ್ತು ಸೂಜಿಗೆ ದಾರ ಪೋಣಿಸ್ತಾ ಕೂತಳು.

ನನಗೆ ಎಲ್ಲಿತ್ತೋ ರೋಷ. ಆ ಗಿರಾಕಿಯ ಬಟ್ಟೆಯನ್ನ ಎತ್ತಿ ಅವಳ ಕೈಗೆ ತುರುಕಿ, "ನನ್ನ ಮಗಳು ಸರ್ಕಾರಿ ನೌಕರಿಯವಳು, ರಜಕ್ಕೆ ಬಂದವಳೆ. ನಿನ್ನ ರವಿಕೆ ಬೇರೆ ಕಡೆ ಹೊಲಿಸ್ಕೊ ಓಗು" ಅಂದುಬಿಟ್ಟೆ. ಮಗಳು ತಲೆ ಎತ್ತಿ ನನ್ನನ್ನೇ ನೋಡಿದಳು. ನನಗೇ ಆಶ್ಚರ್ಯ. ಹಿಂದಿನ ದಿನ ತಾನೆ ಅವಳು ಬರ್ತಾಳೆ ಅಂತ ಕೈ ಮುಗಿದವಳು ನಾನು. ಆದರೆ ಮೂಲೆಯಲ್ಲಿ ಹಿಂಗೆ ಕುಗ್ಗಿ ಕೂರೋ ಮಗಳನ್ನ ನಾನು ಕೇಳಿಕೊಂಡಿರಲಿಲ್ಲ. ಅವಳು ಕೆಲಸ ಬಿಡಬೇಕು ಅಂತ ಬಿಟ್ಟರೆ ಬಿಡಲಿ. ಒಂದು ದರಿದ್ರ ಜರ್ಕಿನ್ನಿಗೋಸ್ಕರ ಬಿಡಬಾರದು, ಅದೂ ಟೇಲರ್ ಹೊಟ್ಟೇಲಿ ಹುಟ್ಟಿ.

"ಕೋಟು ನಾನು ಹೊಲೀತೀನಿ" ಅಂದೆ.

"ನೀನಾ? ರವಿಕೆ ಹೊಲಿಯೋಳು?"

"ಅದ್ಯಾಕೆ ಹಂಗಂತೀಯ? ಮಿಲಿಟರಿ ಕೋಟೇ ಹೊಲೀತೀನಿ, ಇರು."

ಇದು ಬಾಯಿಗೆ ಬಂದ ಮಾತಲ್ಲ. ನನಗೆ ಕತ್ತರಿ ಹಿಡಿಯೋದು ಕಲಿಸಿದ ಮಾಸ್ಟ್ರು ಚಾಮರಾಜನಗರದಲ್ಲಿ ಅಂಗಡಿ ಇಟ್ಟಿದ್ದರು. ಅದಕ್ಕೆ ಮುಂಚೆ ಮಿಲಿಟರಿಯಲ್ಲಿ ದರ್ಜಿ ಆಗಿದ್ದವರು. ಅಲ್ಲಿ ಹಳೇದಾಯ್ತು, ಬೇಡ ಅಂತ ಗುಜರಿಗೆ ಎಸೆದಿದ್ದ ಕಟಿಂಗ್ ರಟ್ಟುಗಳನ್ನ ಕೇಳಿ ತಂದುಕೊಂಡಿದ್ದರು. ಬಟ್ಟೆ ಮೇಲಿಟ್ಟು ಸುತ್ತ ಗೆರೆ ಎಳೆದು ಕತ್ತರಿಸೋ ಗಟ್ಟಿ ಕಂದು ರಟ್ಟು, ಅಂಚಿಗೆ ವಾರ್ನಿಶ್, ಮೂಲೆಯಲ್ಲಿ ತೂತು, ಎಲ್ಲವನ್ನೂ ಸೇರಿಸಿ ಒಂದು ತಂತಿ. ಒಂದೊಂದರ ಮೇಲೂ ನಂಬರು, ಬಾಣದ ಗುರುತು. ಗಾಳಿಮಳೆಗೆ ಹಾಕೋ ಕೋಟಿನ ರಟ್ಟುಗಳು. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ದಿನ ಆ ಕಟ್ಟನ್ನ ನನಗೆ ಕೊಟ್ಟರು. "ಚುಕ್ಕಿ ಚುಕ್ಕಿ ಮಿಲಿಟರಿ ಬಟ್ಟೆ ಮುಟ್ಬ್ಯಾಡ, ಅದು ಸೈನಿಕರ್ದು. ಕಟಿಂಗ್ ತಗೊ. ಇಂಥ ಕಟಿಂಗ್ ಇನ್ನು ಹುಟ್ಟಲ್ಲ" ಅಂದಿದ್ದರು. ಗುಂಡ್ಲುಪೇಟೆಯಲ್ಲಿ ಮಿಲಿಟರಿ ಕೋಟು ಯಾರಿಗೆ ಬೇಕು ಅಂತ ನಾನು ತಂತಿ ಬಿಚ್ಚಿ, ದೊಡ್ಡ ರಟ್ಟುಗಳನ್ನ ಕಪಾಟಿಗೆ ಹಾಸಿದ್ದೆ. ಒಂದು ಮಿಷನ್ನಿನ ಕಾಲಿನ ಕೆಳಗೆ ಹೋಗಿತ್ತು. ಇನ್ನೊಂದು ಕುಡಿಯೋ ನೀರಿನ ಕೊಳದಪ್ಪಲೆಗೆ ಮುಚ್ಚಳ ಆಗಿತ್ತು.

ಎಲ್ಲವನ್ನೂ ಎಳೆದು ಹೊರಗೆ ಹಾಕಿದೆ. ಬೆನ್ನು, ಎದೆ, ತೋಳು, ಕಾಲರ್, ಟೋಪಿ, ಜೇಬು. ಧೂಳು ಒರೆಸಿ ನೆಲದ ಮೇಲೆ ಜೋಡಿಸಿದೆ. ಚಾಮರಾಜನಗರಕ್ಕೆ ಹೋಗಿ ಹಸಿರು ಬಣ್ಣದ ದಪ್ಪ ಹತ್ತಿ ಬಟ್ಟೆ ತಂದೆ.

ಇನ್ನು ಅಳತೆ. ಮೂರು ವರ್ಷದ ಹಿಂದೆ ಸಂಬಂಧಿಕರ ಮದುವೆಗೆ ಅಂತ ಮಗಳಿಗೆ ಒಂದು ರವಿಕೆ ಹೊಲಿದಿದ್ದೆ. ಅದನ್ನ ಬೀರುವಿನಿಂದ ತೆಗೆದು ಮೇಜಿನ ಮೇಲೆ ಮಲಗಿಸಿದೆ. ಅವಳು ಪಕ್ಕದಲ್ಲೇ ಕೂತು ಕಡ್ಲೆಕಾಯಿ ಬಿಡಿಸ್ತಿದ್ದಳು. ಎದ್ದು ನಿಲ್ಲು ಅಂತ ಒಂದು ಮಾತು ಹೇಳಲಿಲ್ಲ. ಹೆತ್ತ ಮಗಳ ಅಳತೆ ನನಗೆ ಗೊತ್ತಿಲ್ವಾ ಅನ್ನೋ ಧಿಮಾಕು.

ರಟ್ಟು ನೋಡ್ತಾ ನಗು ಬಂತು. ಎಲ್ಲಾ ಕಡೆ ದೊಗಳೆ. ಬೆನ್ನಲ್ಲಿ ಎರಡು ಅಗಲ ನೆರಿಗೆ, ಬಟ್ಟೆ ದಂಡ. ಆ ಕಾಲದ ಸೈನಿಕರು ಬಲು ದಪ್ಪ ಇದ್ದರೇನೋ ಅಂದುಕೊಂಡು ನೆರಿಗೆ ತೆಗೆದುಹಾಕಿದೆ. ಎಲ್ಲವನ್ನೂ ರವಿಕೆಯ ಅಳತೆಗೆ ಇಳಿಸಿದೆ. ಕಂಕುಳ ಹತ್ತಿರ ಮಾತ್ರ ತೋಳಿನ ಅಂಚೂ ಎದೆಯ ಅಂಚೂ ಒಂದಕ್ಕೊಂದು ಸೇರ್ತಾನೇ ಇರಲಿಲ್ಲ, ನಡುವೆ ಸಂದು. ರಟ್ಟು ಸವೆದಿದೆ ಅಂತ ಎಳೆದು ಕೂಡಿಸಿ ಬಿಗಿಯಾಗಿ ಹೊಲಿಗೆ ಹಾಕಿದೆ. ಒಂದು ಸುಕ್ಕಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹೊರಡೋ ದಿನ ಮಗಳು ಕೋಟು ಹಾಕ್ಕೊಂಡು ಕನ್ನಡಿ ಮುಂದೆ ನಿಂತಳು. ಬೀದಿಯವರೆಲ್ಲ ಬಂದು ನೋಡಿದರು. ಏನು ಕಳೆ, ಏನು ಕಳೆ! ಪಕ್ಕದ ಮನೆಯ ಅಜ್ಜಿ ದೃಷ್ಟಿ ತೆಗೆದಳು. ಅವಳು ಸ್ನಾನಕ್ಕೆ ಹೋದಾಗ ನಾನು ಬ್ಯಾಗಿನ ತಳ ಮುಟ್ಟಿ ನೋಡಿದ್ದೆ. ಹಾಳೆ ಅಲ್ಲೇ ಇತ್ತು. ಬಸ್ ಹತ್ತೋವಾಗ "ನೋಡನ ಬುಡವ್ವ" ಅಂದಳು, ಅಷ್ಟೇ.

ಎಂಟು ದಿನಕ್ಕೆ ಕೋಟು ವಾಪಸ್ ಬಂತು. ಆ ರೂಟಿನ ಕಂಡಕ್ಟರ್ ನಮಗೆ ಗೊತ್ತಿರೋರು, ಒಂದು ನೀಲಿ ಪ್ಲಾಸ್ಟಿಕ್ ಬ್ಯಾಗು ತಂದುಕೊಟ್ಟರು. ಬಿಚ್ಚಿದರೆ ಎರಡೂ ಕಂಕುಳು ಹರಿದು ಬಾಯಿ ಬಿಟ್ಟಿದ್ದವು. ಬೆನ್ನಿನ ಹೊಲಿಗೆ ಕತ್ತಿನಿಂದ ಸೊಂಟದವರೆಗೆ ಬಿಚ್ಚಿಕೊಂಡಿತ್ತು.

ಸಂಜೆ ಫೋನ್ ಮಾಡಿದಳು. "ಬಂಡೆ ಹತ್ತೋವಾಗ ಮ್ಯಾಲಿನ ಕೊಂಬೆ ಹಿಡಿಯಕ್ಕೆ ಕೈ ಎತ್ದೆ ಕಣವ್ವ. ಪರ್ ಅಂತು."

"ಆ ಬಟ್ಟೆ ಅಂಗಡಿಯವನು ಕೊಳೆತ ಬಟ್ಟೆ ಕೊಟ್ಟವನೆ..."

"ಬುಡವ್ವ. ನಿನ್ನ ಕೈಲೇ ಆಗ್ನಿಲ್ಲ ಅಂದ್ಮೇಲೆ ಇನ್ಯಾರ ಕೈಲಿ ಆದದು? ಈ ತಿಂಗ್ಳು ಮುಗಿಸ್ಕೊಂಡು ಬಂದ್ಬುಡ್ತೀನಿ."

ಅವಳ ದನಿಯಲ್ಲಿ ಕೋಪ ಇರಲಿಲ್ಲ. ಬೈದಿದ್ರೆ ನಾನೂ ನಾಲ್ಕು ಬೈದು ಹಗುರ ಆಗ್ತಿದ್ದೆ. ಫೋನ್ ಇಟ್ಟ ಮೇಲೆ ನನಗೆ ಅಳು ಬಂತು. ಆಮೇಲೆ ಬಟ್ಟೆಯವನನ್ನ ಬೈದೆ, ದಾರ ಮಾಡಿದವನನ್ನ ಬೈದೆ, ಕೊಂಬೆಯನ್ನೂ ಬೈದೆ. ಯಜಮಾನರು ಮುದ್ದೆ ಮುರೀತಾ ಕೇಳಿಸ್ಕೊಂಡರು.

"ಕುಣಿಯಲಾರ್ದೋಳು ನೆಲ ಡೊಂಕು ಅಂದ್ಳಂತೆ" ಅಂದರು. "ಮಾಸ್ಟ್ರ ತಾವ್ಕೆ ಒಂದ್ಸಲ ಓಗ್ಬುಟ್ಟು ಬಾ."

"ನಾನಾ? ಇಪ್ಪತ್ತೆರಡು ವರ್ಷ ಹೊಲಿದೋಳು, ಹರಿದ ಕೋಟು ಹಿಡ್ಕೊಂಡು ಹೋಗಿ ಅವರ ಮುಂದೆ ನಿಲ್ಲಬೇಕಾ?"

"ಊಂ ಕಣಮ್ಮಿ, ನೀನೇ."

ಮಾಸ್ಟ್ರು ಈಗ ಸಂತೆಮರಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ನಾನು ಹೋದ ದಿನ ಸಂತೆ. ಬದನೆಕಾಯಿ ರಾಶಿ, ಕೋಳಿ ಬುಟ್ಟಿ ದಾಟಿ ಆ ಮನೆ ಸೇರೋ ಹೊತ್ತಿಗೆ ನನ್ನ ಅರ್ಧ ಪೊಗರು ಇಳಿದಿತ್ತು. ಮಾಸ್ಟ್ರು ಜಗುಲಿಯಲ್ಲಿ ಕೂತಿದ್ದರು. ಎಂಬತ್ತು ದಾಟಿದೆ, ಕಣ್ಣು ಹೆಚ್ಚು ಕಾಣಲ್ಲ. ದನಿಯಲ್ಲೇ ನನ್ನ ಗುರುತು ಹಿಡಿದರು. "ಬಾಯಿ ಇನ್ನೂ ಹಂಗೇ ಅದಾ?" ಅಂತ ಕೇಳಿದರು.

ಮಗಳ ಕಾಡಿನ ಕೆಲಸ, ಬಂಡೆ, ಕೊಂಬೆ ಎಲ್ಲ ಹೇಳಿ ಕೋಟು ಕೈಗೆ ಕೊಟ್ಟೆ. ಅವರು ಮೊದಲು ಮಾಡಿದ ಕೆಲಸ ಅದನ್ನ ಒಳಗು ಹೊರಗು ತಿರುಗಿಸಿದ್ದು. ಒಳ್ಳೆ ದರ್ಜಿ ಯಾವತ್ತೂ ಒಳಗಿನ ಹೊಲಿಗೆ ನೋಡ್ತಾನೆ. ಬೆರಳಲ್ಲಿ ಹೊಲಿಗೆ ಸವರುತ್ತಾ ಬಂದರು. "ಹೊಲಿಗೆ ಚಂದಾಗದೆ" ಅಂದರು. ನನ್ನ ಜೀವಕ್ಕೆ ಸ್ವಲ್ಪ ತಂಪಾಯ್ತು. ಹರಿದ ಕಂಕುಳೊಳಗೆ ಮುಷ್ಟಿ ತೂರಿಸಿ ಅಲ್ಲಾಡಿಸಿದರು.

"ಎಲೆ ಎಲ್ಲಮ್ಮಿ?"

"ಯಾವ ಎಲೆ ಮಾಸ್ಟ್ರೇ?"

ಪಕ್ಕದ ತಟ್ಟೆಯಿಂದ ಎರಡು ವೀಳ್ಯದೆಲೆ ತಗೊಂಡರು. ತೊಟ್ಟಿನ ಕಡೆಗೆ ತೊಟ್ಟು ಸೇರಿಸಿ, ಆ ಹರಿದ ಸಂದಿನ ಮೇಲೆ ಇಟ್ಟರು. ಎರಡು ಕಡೆ ಚೂಪು, ನಡುವೆ ಅಗಲ. ಸಂದು ಸರಿಯಾಗಿ ಮುಚ್ಚಿಹೋಯ್ತು.

"ಈ ಆಕಾರದ್ದು ಒಂದು ರಟ್ಟು ಕೊಟ್ಟಿದ್ನಲ್ಲ. ಗೇಣುದ್ದದ್ದು. ಅದನ್ನ ನಾವು ಎಲೆ ಅಂತೀವಿ. ಕಂಕುಳಿಗೊಂದು ಎಲೆ ಕೂರಿಸ್ಬೇಕು. ಅದಿಲ್ದೆ ಕೈ ಎತ್ತಕ್ಕಾಯ್ತದಾ? ನೀನು ಆ ಮಗೀನ ಕೈ ಕಟ್ಟಾಕಿ ಕಾಡ್ಗೆ ಕಳಿಸಿದ್ಯಲ್ಲಮ್ಮಿ."

ಅಯ್ಯೋ ಶಿವನೆ. ನನಗೆ ಆಗ ಹೊಳೀತು. ಆ ರಟ್ಟು ನಮ್ಮ ಬಚ್ಚಲಮನೆಯಲ್ಲಿದೆ! ನೀರೊಲೆಗೆ ಗಾಳಿ ಬೀಸೋಕೆ ಹೇಳಿ ಮಾಡಿಸಿದ ಹಾಗಿತ್ತು. ವರ್ಷಗಟ್ಟಲೆ ಅದರಲ್ಲೇ ಉರಿ ಮಾಡ್ಕೊಂಡು ಸ್ನಾನ ಮಾಡಿದ್ದೀವಿ. ನಾಚಿಕೆ ಬಿಟ್ಟು ಹೇಳಿದೆ. ಮಾಸ್ಟ್ರು ಕೆಮ್ಮು ಬರೋವರೆಗೂ ನಕ್ಕರು. "ಮಿಲಿಟರಿ ಸಾಮಾನಲ್ಲಿ ನೀರು ಕಾಯಿಸ್ದಾ? ಚಂದ, ಚಂದ!"

ನಗು ನಿಂತ ಮೇಲೆ ಬೆನ್ನಿನ ಭಾಗ ಸವರಿದರು. ನೆರಿಗೆ ಇಲ್ಲದ್ದು ಗೊತ್ತಾಯ್ತು. "ಅಳತೆ ಎಂಗೆ ತಗೊಂಡೆ?"

"ಮೂರು ವರ್ಷದ ಹಿಂದಿನ ಅಳತೆ ರವಿಕೆ ಇಟ್ಟು..."

ಅವರಿಗೆ ಬಂದ ಕೋಪ ನೋಡಿ, ನನ್ನ ಕೋಪ ಎಲ್ಲಿಂದ ಕಲಿತಿದ್ದು ಅಂತ ನೆನಪಾಯ್ತು. "ಮೂರು ವರ್ಷದ ರವಿಕೆ ಕೇಳಿದ್ರೆ ಅದು ಮೂರು ವರ್ಷದ ಹಿಂದಿನ ಮಾತು ಹೇಳ್ತದೆ! ಅವಳು ಬಂಡೆ ಹತ್ತೋಳು ಕಣಮ್ಮಿ, ಮದ್ವೆ ಮನೇಲಿ ಕೂರೋಳಲ್ಲ. ನಿಲ್ಸು, ಕೂರ್ಸು, ಬಗ್ಸು. ಎರಡೂ ಕೈ ಮ್ಯಾಕೆ ಎತ್ಸು. ಆಗ ಟೇಪ್ ಇಡು. ನಿನ್ನ ಕೈಯಾರೆ ಇಡು."

ಎಲೆ ಅಡಿಕೆ ಮಡಚಿ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿ ಬಂದೆ.

ಮನೆಗೆ ಬಂದವಳೇ ಬಚ್ಚಲಿಗೆ ನುಗ್ಗಿದೆ. ಒಲೆಯ ಪಕ್ಕ ರಟ್ಟು ಬಿದ್ದಿತ್ತು, ಕರ್ರಗೆ ಮಸಿ ಹಿಡಿದು, ಒಂದು ತುದಿ ಸುಟ್ಟಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದೆ. ಮಸಿ ಕೆಳಗಿಂದ ನಂಬರು ಬಂತು, ಬಾಣ ಬಂತು. ಪಕ್ಕದಲ್ಲಿ ಎರಡು ಅಂತ ಅಂಕಿ. ಎರಡು ಕತ್ತರಿಸಬೇಕು ಅಂತ ಯಾರೋ ಪುಣ್ಯಾತ್ಮ ಬರೆದೇ ಇಟ್ಟಿದ್ದ.

ಎರಡು ದಿನ ಬಿಟ್ಟು ಟೇಪ್ ಸೊಂಟಕ್ಕೆ ಸಿಕ್ಕಿಸ್ಕೊಂಡು ಪುಣಜನೂರಿಗೆ ಹೋದೆ. ಮಗಳಿಗೆ ಮೊದಲೇ ಹೇಳಿದ್ದೆ. ರಸ್ತೆ ಬದಿಯ ಟೀ ಅಂಗಡಿ ಹತ್ತಿರ ಕಾಯ್ತಿದ್ದಳು. ಜೊತೆಗೆ ಸೋಲಿಗರ ಹೆಂಗಸೊಬ್ಬಳು, ಇವಳ ಜೊತೆ ಗಸ್ತು ತಿರುಗೋ ವಾಚರ್. ವಯಸ್ಸಲ್ಲಿ ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಮಗಳ ಮೈ ಮೇಲೆ ಅದೇ ಹಳೇ ಜರ್ಕಿನ್.

"ಬ್ಯಾಡ ಅಂದಿರ್ನಿಲ್ವಾ ಅವ್ವ. ಸುಮ್ನೆ ಯಾಕೆ ಬರೋಕೋದೆ?"

"ಬಾಯಿ ಮುಚ್ಚು. ಜರ್ಕಿನ್ ಬಿಚ್ಚು."

ಟೀ ಅಂಗಡಿಯ ಹಿಂದೆ, ಹುಣಸೆ ಮರದ ಮರೆಯಲ್ಲಿ ಅವಳನ್ನ ನಿಲ್ಲಿಸಿ ಹೆಗಲಿನ ಮೇಲೆ ಟೇಪ್ ಇಟ್ಟೆ. ಅಂಕಿ ನೋಡಿದೆ. ನಂಬಲಿಲ್ಲ. ತೆಗೆದು ಮತ್ತೆ ಇಟ್ಟೆ. ಆ ರವಿಕೆಗಿಂತ ಪೂರ್ತಿ ಎರಡು ಇಂಚು ಜಾಸ್ತಿ. ತೋಳು ತುಂಬಿಕೊಂಡು ಗಟ್ಟಿಯಾಗಿತ್ತು. "ಕೈ ಎತ್ತು" ಅಂದೆ. ಎತ್ತಿದಳು. ಮೊಣಕೈಯಿಂದ ಕೆಳಗೆ ಉದ್ದಕ್ಕೂ ಮುಳ್ಳಿನ ಗೀರು, ಹಳೇದರ ಮೇಲೆ ಹೊಸದು. ಮನೆಗೆ ಬಂದಾಗೆಲ್ಲ ತುಂಬುತೋಳು ಹಾಕ್ಕೊಂಡೇ ಇರ್ತಿದ್ದಳು. ಚಳಿ ಅಂತ ಅಂದುಕೊಂಡಿದ್ದೆ.

ಊರವರ ಮಕ್ಕಳ ಮೈಗೆಲ್ಲ ಬಟ್ಟೆ ಹೊಲಿದವಳು, ನನ್ನ ಮಗಳ ಮೈ ಹೀಗಾಗಿದೆ ಅಂತ ನನಗೇ ಗೊತ್ತಿರಲಿಲ್ಲ. ನಾಚಿಕೆ ಆಯ್ತು. ಅದರ ಜೊತೆಗೇ ಹೆಮ್ಮೆ. ಎಂಥ ಹೆಗಲು ಮಾಡ್ಕೊಂಡವಳಲ್ಲ ನನ್ನ ಕೂಸು ಅಂತ. ಕಣ್ಣು ತುಂಬಿ ಅಂಕಿ ಕಾಣಲಿಲ್ಲ.

"ಅವ್ವ, ಟೇಪ್ ಜಾರ್ತಾ ಅದೆ. ಹೊಸ ಟೇಲರ್ರಾ ನೀನು?" ಅಂದಳು. ಎಷ್ಟು ದಿನ ಆದ ಮೇಲೆ ಅವಳ ಬಾಯಲ್ಲಿ ಚೇಷ್ಟೆ ಬಂತು.

ಕೂರಿಸಿದೆ, ಬಗ್ಗಿಸಿದೆ, ಒಂದು ಕಾಲು ಕಲ್ಲಿನ ಮೇಲೆ ಇಡಿಸಿದೆ. ಬಗ್ಗಿದಾಗ ಬೆನ್ನು ಮೂರು ಇಂಚು ಅಗಲ ಆಯ್ತು. ನಾನು ದಂಡ ಅಂತ ಕಿತ್ತುಹಾಕಿದ್ದ ಎರಡು ನೆರಿಗೆ ಸೇರಿದರೆ ಸರಿಯಾಗಿ ಅಷ್ಟೇ. ಆ ಕಟಿಂಗ್ ಮಾಡಿದವನಿಗೆ ಮನಸ್ಸಲ್ಲೇ ತಪ್ಪಾಯ್ತಪ್ಪ ಅಂದೆ. ಸೋಲಿಗರ ಹೆಂಗಸು ನಿಂತು ಎಲ್ಲಾ ನೋಡ್ತಿದ್ದಳು. ಹೊರಡೋವಾಗ ಸೊಂಟದ ಗಂಟಿನಿಂದ ಒಂದು ಉಂಡೆ ಜೇನುಮೇಣ ತೆಗೆದುಕೊಟ್ಟಳು. "ಹೆಗಲ ಮ್ಯಾಲೆ ಉಜ್ಜಿ ಇಸ್ತ್ರಿ ಹಾಕಕ್ಕ, ಮಳೆನೀರು ಒಳಕ್ಕೆ ಇಳಿಯಲ್ಲ" ಅಂದಳು.

ಗೌರಿಹಬ್ಬದ ರವಿಕೆಗಳು ರಾಶಿ ಬಿದ್ದಿದ್ದವು. ಅವನ್ನ ಪಕ್ಕಕ್ಕೆ ತಳ್ಳಿ ಹೊಸ ಕೋಟಿಗೆ ಕೂತೆ. ಗಿರಾಕಿಗಳ ಕೈಲಿ ಬೈಸ್ಕೊಳ್ಳೋ ಸರದಿ ನನ್ನದಾಯ್ತು, ಬೈಸ್ಕೊಂಡೆ. ಎಲೆ ಕೂರಿಸೋದು ಅಂದ್ರೆ ಹುಡುಗಾಟ ಅಲ್ಲ. ಅದರ ಚೂಪು ತುದಿಯಲ್ಲಿ ನಾಲ್ಕು ಹೊಲಿಗೆ ಬಂದು ಸೇರ್ತವೆ. ಒಂದು ನೂಲು ಆಚೀಚೆ ಆದ್ರೂ ಅಲ್ಲಿ ಬಟ್ಟೆ ಮುದುರಿಕೊಳ್ತದೆ. ಎರಡು ಸೂಜಿ ಮುರೀತು. ಮೂರು ಸಲ ಬಿಚ್ಚಿದೆ. ನಾಲ್ಕನೇ ಸಲಕ್ಕೆ ಕೂತ್ಕೊಂತು. ಮೇಣ ಉಜ್ಜಿ ಇಸ್ತ್ರಿ ಹಾಕಿದಾಗ ಅಂಗಡಿ ತುಂಬ ಜೇನಿನ ವಾಸನೆ. ಕೊನೆಗೆ ನಾನೇ ಹಾಕ್ಕೊಂಡು ಬಾಗಿಲ ಮೇಲಿನ ಚಿಲಕಕ್ಕೆ ಕೈ ಎತ್ತಿ ನೋಡಿದೆ. ಎಲ್ಲೂ ಹಿಡೀಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಮೈ ತುಂಬ ಸುಕ್ಕು. ಇರಲಿ ಬಿಡು ಅಂದುಕೊಂಡೆ.

ಕಂಡಕ್ಟರ್ ಕೈಲಿ ಕಳಿಸಿದೆ. ಒಂದು ವಾರ ಆಯ್ತು, ಫೋನಿಲ್ಲ. ಕ್ಯಾಂಪಲ್ಲಿ ಸಿಗ್ನಲ್ ಸಿಗಲ್ಲ ಅಂತ ಗೊತ್ತು. ಆದರೂ ತಿಂಗಳು ಮುಗಿಯೋಕೆ ನಾಲ್ಕೇ ದಿನ. ತಾರೀಖಿಲ್ಲದ ಆ ಹಾಳೆ ಕಣ್ಣಿಗೆ ಕಟ್ಟಿತ್ತು. ಯಜಮಾನರಿಗೆ ಆಗ ಹೇಳಿದೆ. ಅವರು ಎಲೆ ಅಡಿಕೆ ಜಗಿಯೋದು ನಿಲ್ಲಿಸಿ, "ಇಷ್ಟು ದಿನ ಒಟ್ಟೇಲಿ ಇಟ್ಕೊಂಡಿದ್ಯಾ? ನೀನು?" ಅಂದರು. ಆಮೇಲೆ ಅವರೂ ಮಂಕಾದರು.

ತಿಂಗಳು ಮುಗಿಯೋಕೆ ಇನ್ನು ಎರಡು ದಿನ ಇರೋವಾಗ ಕಂಡಕ್ಟರ್ ಅಂಗಡಿ ಮುಂದೆ ಬಂದು ನಿಂತರು. ಕೈಯಲ್ಲಿ ಅದೇ ನೀಲಿ ಬ್ಯಾಗು, ಅದೇ ಗಾತ್ರ. ಇಸ್ಕೊಂಡು ಮೇಜಿನ ಮೇಲೆ ಇಟ್ಟು, ಬಿಚ್ಚೋಕೆ ಧೈರ್ಯ ಬರದೆ ಒಂದು ರವಿಕೆಗೆ ಪೂರ್ತಿ ಹೆಮ್ಮಿಂಗ್ ಮುಗಿಸಿದೆ. ಆಮೇಲೆ ಇದ್ಯಾವ ಹೇಡಿತನ ಅಂತ ನನ್ನನ್ನೇ ಬೈಕೊಂಡು ಗಂಟು ಬಿಚ್ಚಿದೆ.

ಒಳಗಿದ್ದದ್ದು ಕೋಟಲ್ಲ. ಆ ಗಂಡಸರ ಜರ್ಕಿನ್, ಒಗೆದು ಮಡಚಿದ್ದು. ಜೇಬಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ. ಮಗಳ ಬರಹ:

"ಅವ್ವ, ಜರ್ಕಿನ್ ಇನ್ನು ನನಗೆ ಬೇಡ. ಒಳಜೇಬಿಗೆ ಕತ್ತರಿಸ್ಕೊ. ಇಲ್ಲಿ ನಾಲ್ಕು ಜನ ಹೆಂಗಸರಿಗೆ ನನ್ನ ಹಾಗೇ ಕೋಟು ಬೇಕಂತೆ. ನಾನೇ ನಿಲ್ಲಿಸಿ ಅಳತೆ ತಗೊಂಡಿದ್ದೀನಿ."

ಅದರ ಕೆಳಗೆ ನಾಲ್ಕು ಜನರ ಅಳತೆ. ಒಬ್ಬೊಬ್ಬರಿಗೂ ಮೂರು ಮೂರು ಸಾಲು. ಕೈ ಇಳಿಸಿದಾಗ ಇಷ್ಟು, ಕೈ ಎತ್ತಿದಾಗ ಇಷ್ಟು, ಬಗ್ಗಿದಾಗ ಇಷ್ಟು. ಜಾಗ ಸಾಲದೆ ಕೊನೆಯವಳದ್ದು ಅಂಚಿನಲ್ಲಿ ಅಡ್ಡಕ್ಕೆ ಬರೆದಿದ್ದಳು. ಮುಂದಿನದು ಹಿಂದೆ ಇರಬಹುದು ಅಂತ ಹಾಳೆ ತಿರುಗಿಸಿದೆ.

"ಈ ಕರ್ತವ್ಯವನ್ನು ನಿರ್ವಹಿಸಲು ನನ್ನಿಂದ ಸಾಧ್ಯವಾಗುತ್ತಿಲ್ಲವಾದ್ದರಿಂದ" ಅಂತ ಇತ್ತು. ಕೆಳಗೆ ಅದೇ ಸಹಿ. ತಾರೀಖಿನ ಜಾಗ ಖಾಲಿ.

ಎಷ್ಟು ಹೊತ್ತು ಹಿಡ್ಕೊಂಡು ನಿಂತಿದ್ದೆನೋ ಗೊತ್ತಿಲ್ಲ. ರವಿಕೆ ಕೇಳೋಕೆ ಬಂದ ಒಬ್ಬಳು "ಯಾಕಕ್ಕ, ಏನಾಯ್ತು" ಅಂತ ಗಾಬರಿಯಾದಳು. "ಏನಿಲ್ಲ, ಆರ್ಡರ್ ಬಂದದೆ" ಅಂದೆ.

ಮಾರನೇ ದಿನ ಫೋನ್ ಬಂತು.

"ಅವ್ವ, ಚೀಟಿ ಸಿಕ್ತಾ?"

"ಸಿಕ್ತು."

ಆ ಕಡೆಯಿಂದ ಮೆಲ್ಲಗೆ, "ಇಂದ್ಗಡೆ ಏನಾರ ಓದ್ಬುಟ್ಯಾ?" ಅಂದಳು.

ನನ್ನ ನಾಲಿಗೆಯ ತುದಿಗೆ ಎಲ್ಲ ಬಂದಿತ್ತು. ಮೊದಲ ದಿನಾನೇ ನೋಡಿದ್ದು, ಖುಷಿಪಟ್ಟಿದ್ದು, ಆಮೇಲೆ ಅತ್ತಿದ್ದು. ಬಾಯಿ ಬಿಟ್ರೆ ಬಣ್ಣಗೇಡು ಅಂತ ದಾರವನ್ನ ಹಲ್ಲಲ್ಲಿ ಕಚ್ಚಿ ಹಿಡಿದೆ.

"ಹಿಂದ್ಗಡೆ ಮುಂದ್ಗಡೆ ನೋಡ್ಕೊಂಡು ಕೂರಕ್ಕೆ ನಂಗೇನು ಕೆಲಸ ಇಲ್ವಾ?" ಅಂದೆ. "ನಾಲ್ಕು ಕೋಟು ಒಟ್ಟಿಗೆ ತಲೆ ಮ್ಯಾಲೆ ಹಾಕಿದ್ದೀಯ. ಇಡು ಫೋನು."

ಅವಳು ನಕ್ಕಳು. ಜೋರಾಗಿ, ಮೊದಲಿನ ಹಾಗೆ. ಫೋನ್ ಇಟ್ಟ ಮೇಲೆ ಆ ಹಾಳೆಯನ್ನ, ಅಳತೆ ಈಚೆಗೆ ಕಾಣೋ ಹಾಗೆ, ಮಿಷನ್ ಎದುರಿನ ಗೋಡೆಗೆ ಅಂಟಿಸಿದೆ. ಹಸಿರು ಬಟ್ಟೆ ಮೇಜಿನ ಮೇಲೆ ಹರವಿ, ಒಲೆಯ ಮಸಿ ಇನ್ನೂ ಪೂರ್ತಿ ಹೋಗದ ಆ ರಟ್ಟನ್ನ ಇಟ್ಟು, ಎಂಟು ಎಲೆ ಕತ್ತರಿಸೋಕೆ ಕೂತೆ.